ಹಾಬೂರ್ ಕಲ್ಲಿನಲ್ಲಿ ಹಾಲು ತಾನಾಗಿ ಹೆಪ್ಪಾಗುತ್ತದೆಯೇ?

ಭೂವಿಜ್ಞಾನ ಓದಿದವನು ಅಂತ ಗೊತ್ತಾದರೆ ಸಾಕು, ಜೈಸಲ್ಮೇರ್‌ಗೆ ಹೋಗಿ ಬಂದವರು ಈ ಪ್ರಶ್ನೆ ಕೇಳೇ ಕೇಳುತ್ತಾರೆ. ಅಲ್ಲಿನ ಅಂಗಡಿಗಳಲ್ಲಿ ಹಳದಿ ಮಿಶ್ರಿತ ಕಂದು ಬಣ್ಣದ, ನುಣುಪಾದ ಕಲ್ಲಿನ ಬಟ್ಟಲು ಮಾರುತ್ತಾರೆ. ಹೆಪ್ಪು ಹಾಕದೇ ಇದರಲ್ಲಿ ಮೊಸರಾಗುತ್ತದೆ ಅನ್ನುತ್ತಾರೆ. ಆ ಕಲ್ಲು ಬರುವುದು ಥಾರ್ ಮರುಭೂಮಿಯ ಹಾಬೂರ್ ಎಂಬ ಹಳ್ಳಿಯಿಂದ. ಈಗ ಅದಕ್ಕೆ ಪೂನಮ್‌ನಗರ ಅಂತಲೂ ಹೆಸರು.

ಮೊದಲು ಮೊಸರಿನ ವಿಷಯ ಮುಗಿಸೋಣ. ಹಾಲನ್ನು ಹೆಪ್ಪಾಗಿಸುವುದು ಬ್ಯಾಕ್ಟೀರಿಯಾ. ಕಾಯಿಸದ ಹಾಲಿನಲ್ಲಿ ಅವು ಇದ್ದೇ ಇರುತ್ತವೆ. ಕಾಯಿಸಿ ಆರಿಸಿದ ಹಾಲಿಗಾದರೆ ಕಲ್ಲಿನ ಸಣ್ಣ ಸಣ್ಣ ರಂಧ್ರಗಳಲ್ಲಿ ಉಳಿದ ನಿನ್ನೆಯ ಮೊಸರೇ ಸಾಕು, ಜೊತೆಗೆ ಅಲ್ಲಿನ ಸೆಕೆ ಬೇರೆ. ಅನುಮಾನವಿದ್ದರೆ ಹೊಸ ಬಟ್ಟಲನ್ನು ನೀರಿನಲ್ಲಿ ಚೆನ್ನಾಗಿ ಕುದಿಸಿ, ಅದಕ್ಕೂ ಹಾಗೇ ಕುದಿಸಿದ ಒಂದು ಸ್ಟೀಲ್ ಬಟ್ಟಲಿಗೂ ಒಂದೇ ಪಾತ್ರೆಯಿಂದ ಕಾಯಿಸಿದ ಹಾಲು ಹಾಕಿ, ಮುಚ್ಚಿ ಪಕ್ಕಪಕ್ಕ ಇಡಿ. ಕಲ್ಲಿನದೇ ಗುಣವಾದರೆ ಅದರಲ್ಲಿ ಮಾತ್ರ ಮೊಸರಾಗಬೇಕು, ಅಲ್ವಾ? ಇನ್ನೊಂದು ಮಾತು. ಇದು ಸುಣ್ಣದಕಲ್ಲು, ಹುಳಿ ಇದಕ್ಕೆ ಆಗಿಬರುವುದಿಲ್ಲ. ನಾವು ಫೀಲ್ಡ್‌ನಲ್ಲಿ ತೆಳು ಹೈಡ್ರೋಕ್ಲೋರಿಕ್ ಆಮ್ಲದ ಒಂದು ಹನಿ ಬಿಟ್ಟು, ಚುರ್ರೆಂದು ನೊರೆ ಬಂದರೆ ಸುಣ್ಣದಕಲ್ಲು ಎಂದು ಗುರುತಿಸುತ್ತೇವೆ. ಮೊಸರಿನ ಹುಳಿ ಅಷ್ಟು ಜೋರಲ್ಲ, ಆದರೆ ದಿನಾ ಇಟ್ಟರೆ ಪಾಲಿಶ್ ನಿಧಾನವಾಗಿ ಹೋಗುತ್ತದೆ.

ಈಗ ಅದೇ ಬಟ್ಟಲನ್ನು ಬೋರಲು ಹಾಕಿ, ಭೂತಗನ್ನಡಿ ಹಿಡಿದು ನೋಡಿ. ಎಲ್ಲೆಲ್ಲೂ ಬಾಗಿದ ಗೆರೆಗಳು ಕಾಣುತ್ತವೆ, ಕೆಲವು ಅರ್ಧಚಂದ್ರದ ಹಾಗೆ, ಕೆಲವು ಉದ್ದಕ್ಕೆ, ಕೆಲವು ನಡುವೆಯೇ ಮುರಿದವು. ಅವೆಲ್ಲ ಸಮುದ್ರದ ಚಿಪ್ಪುಗಳು. ಕುಶಲಕರ್ಮಿಯ ಗರಗಸ ಒಂದೊಂದನ್ನು ಒಂದೊಂದು ಕೋನದಲ್ಲಿ ಕತ್ತರಿಸಿದ್ದರಿಂದ ಒಂದೊಂದು ಆಕಾರ. ಇಷ್ಟೊಂದು ಚಿಪ್ಪು ಮುರಿದು ಒಟ್ಟಿಗೆ ರಾಶಿ ಬಿದ್ದಿದೆ ಅಂದರೆ ಅಲೆಗಳು ಬಡಿಯುತ್ತಿದ್ದ ಆಳವಿಲ್ಲದ ಕಡಲು ಅಲ್ಲಿತ್ತು ಅಂತ ಅರ್ಥ. ಹಳದಿ, ಕಂದು ಬಣ್ಣ ಕೊಟ್ಟಿರುವುದು ತುಕ್ಕು ಹಿಡಿದ ಕಬ್ಬಿಣದ ಅಂಶ. ನನಗಂತೂ ಮೊಸರಿನ ಕಥೆಗಿಂತ ಇದೇ ದೊಡ್ಡ ಸೋಜಿಗ.

ವಯಸ್ಸು ಹೇಳುವುದು ಅಮೋನೈಟ್‌ಗಳು. ಸುರುಳಿ ಚಿಪ್ಪಿನ ಈ ಜೀವಿಗಳ ಒಂದೊಂದು ಜಾತಿಯೂ ಸ್ವಲ್ಪ ಕಾಲ ಬದುಕಿ, ಬಹಳ ದೂರ ಹರಡಿ, ಆಮೇಲೆ ಅಳಿದುಹೋಗುತ್ತಿತ್ತು. ಹಾಗಾಗಿ ಒಂದು ಜಾತಿ ಸಿಕ್ಕರೆ ಕಾಲ ಸಿಕ್ಕಿದಂತೆ. ಹಾಬೂರ್‌ನ ಪದರ ಕ್ರಿಟೇಷಿಯಸ್ ಯುಗದ ಮೊದಲರ್ಧದ ಆಪ್ಟಿಯನ್ ಕಾಲದ್ದು, ಅಂದರೆ ಸುಮಾರು 12 ಕೋಟಿಯಿಂದ 11 ಕೋಟಿ ವರ್ಷಗಳ ಹಿಂದಿನದು. ಅದರ ಕೆಳಗಿರುವುದು ಪರಿವಾರ್ ಪದರ. ಅಲ್ಲಿ ಜಾಸ್ತಿ ಮರಳುಗಲ್ಲು, ಎಲೆಗಳ ಅಚ್ಚೂ ಸಿಗುತ್ತವೆ. ಕೆಳಗೆ ನದಿ ತಂದ ಮರಳು, ಮೇಲೆ ಕಡಲ ಚಿಪ್ಪು: ನೆಲದ ಮೇಲೆ ಸಮುದ್ರ ಏರಿ ಬಂದದ್ದು ಹೀಗೆ ತಿಳಿಯುತ್ತದೆ. ಜೈಸಲ್ಮೇರ್ ಕೋಟೆಯ ಹಳದಿ ಕಲ್ಲೂ ಇದೇ ಎಂದು ತಿಳಿಯುವವರಿದ್ದಾರೆ. ಅದು ಬೇರೆ, ಇನ್ನೂ ಹಳೆಯ ಜುರಾಸಿಕ್ ಕಾಲದ್ದು.

ಹಾಬೂರ್‌ನಲ್ಲಿ ಕಡಲಿದ್ದಾಗ ಮಡಗಾಸ್ಕರ್ ಇನ್ನೂ ನಮ್ಮ ಪಶ್ಚಿಮ ಕರಾವಳಿಗೆ ಅಂಟಿಕೊಂಡೇ ಇತ್ತು. ಅದು ಬೇರ್ಪಟ್ಟ ಕಾಲದ, ಸುಮಾರು 8.8 ಕೋಟಿ ವರ್ಷದ ಲಾವಾ ಕಲ್ಲು ಮಲ್ಪೆಯ ಸೇಂಟ್ ಮೇರೀಸ್ ದ್ವೀಪದಲ್ಲಿದೆ. ಅದನ್ನು ನೋಡಿದ್ದೀರಾದರೆ, ಹಾಬೂರ್ ಅದಕ್ಕಿಂತ ಮೂರು ಕೋಟಿ ವರ್ಷದಷ್ಟು ಹಿಂದಿನ ಕಥೆ.

ಹಾಬೂರ್‌ಗೆ ಹೋದಾಗ ಅಮೋನೈಟ್ ಕಂಡರೆ ದಯವಿಟ್ಟು ಕಿತ್ತುಕೊಂಡು ಬರಬೇಡಿ. ಯಾವ ಪದರದಲ್ಲಿತ್ತು ಅನ್ನುವುದು ತಪ್ಪಿಹೋದರೆ ಕಾಲ ಹೇಳಲು ಅದರ ಉಪಯೋಗ ಬಹಳ ಕಡಿಮೆಯಾಗುತ್ತದೆ. ಪಕ್ಕದಲ್ಲಿ ಒಂದು ನಾಣ್ಯ ಇಟ್ಟು ಫೋಟೋ ತೆಗೆದುಕೊಳ್ಳಿ, ಸುತ್ತಲಿನ ಪದರಗಳೂ ಕಾಣುವ ಹಾಗೆ ಇನ್ನೊಂದು ಫೋಟೋ ಇರಲಿ, ಜಾಗವನ್ನು ಫೋನಿನ ಮ್ಯಾಪಿನಲ್ಲಿ ಗುರುತು ಹಾಕಿಕೊಂಡು ಹತ್ತಿರದ ಭೂವಿಜ್ಞಾನ ವಿಭಾಗದವರಿಗೆ ಕಳಿಸಿ.