ಪುರಾನಾ ಪುಲ್: ಹೈದರಾಬಾದಿಗಿಂತ ಹಳೆಯ ಸೇತುವೆ

ಹೈದರಾಬಾದಿನ ಇತಿಹಾಸವನ್ನು ಓದುವಾಗ ಎರಡು ಇಸವಿಗಳನ್ನು ಅಕ್ಕಪಕ್ಕದಲ್ಲಿ ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಮೂಸಿ ನದಿಯ ಮೇಲೆ ಪುರಾನಾ ಪುಲ್ ಕಟ್ಟಿದ್ದು 1578ರಲ್ಲಿ. ನದಿಯ ದಕ್ಷಿಣ ದಂಡೆಯಲ್ಲಿ ನಗರ ಸ್ಥಾಪನೆಯಾದದ್ದು 1591ರಲ್ಲಿ. ಊರು ಬೆಳೆದ ಮೇಲೆ ಸೇತುವೆ ಬರುವುದು ಸಾಮಾನ್ಯ, ಆದರೆ ಇಲ್ಲಿ ಸೇತುವೆಯೇ ಮೊದಲು ಬಂದಿತು.

ಕಟ್ಟಿಸಿದವನು ಗೋಲ್ಕೊಂಡದ ಸುಲ್ತಾನ ಇಬ್ರಾಹಿಂ ಕುತುಬ್ ಷಾ. ಪಟ್ಟಕ್ಕೆ ಬರುವ ಮುನ್ನ ಏಳು ವರ್ಷ ವಿಜಯನಗರದಲ್ಲಿ ರಾಮರಾಯನ ಆಶ್ರಯದಲ್ಲಿದ್ದು, ಮುಂದೆ 1565ರ ಯುದ್ಧದಲ್ಲಿ ಅದೇ ರಾಮರಾಯನ ವಿರುದ್ಧ ನಿಂತವನು ಇವನೇ ಎಂಬುದನ್ನು ಕನ್ನಡದ ಓದುಗರು ನೆನಪಿಡಬೇಕು. ಗೋಲ್ಕೊಂಡ ಕೋಟೆಯೊಳಗೆ ಜನ ಕಿಕ್ಕಿರಿದಿದ್ದರು, ನೀರಿಗೂ ತೊಂದರೆಯಿತ್ತು. ಮಳೆಗಾಲದಲ್ಲಿ ತುಂಬಿ ಹರಿಯುವ ಮೂಸಿಯನ್ನು ದಾಟದೆ ದಕ್ಷಿಣಕ್ಕೆ ಹರಡುವಂತಿರಲಿಲ್ಲ.

ರಾಜಕುಮಾರ ಮುಹಮ್ಮದ್ ಕುಲಿ ತನ್ನ ಪ್ರಿಯತಮೆ ಭಾಗಮತಿಯನ್ನು ಕಾಣಲು ತುಂಬಿದ ಹೊಳೆಗೆ ಕುದುರೆ ಇಳಿಸಿದನೆಂದೂ, ಗಾಬರಿಗೊಂಡ ತಂದೆ ಸೇತುವೆ ಕಟ್ಟಿಸಿದನೆಂದೂ ಒಂದು ಕಥೆ ಬಹಳ ಪ್ರಸಿದ್ಧವಾಗಿದೆ. ಆದರೆ 1578ರಲ್ಲಿ ರಾಜಕುಮಾರನಿಗೆ ಹೆಚ್ಚೆಂದರೆ ಹದಿಮೂರು ವರ್ಷ. ಭಾಗಮತಿ ಎಂಬಾಕೆ ಇದ್ದಳೇ ಎಂಬ ಬಗ್ಗೆಯೇ ಇತಿಹಾಸಕಾರರಲ್ಲಿ ಒಮ್ಮತವಿಲ್ಲ. ಕಥೆ ಸೊಗಸಾಗಿದೆ, ಜನರ ನೆನಪಿನಲ್ಲಿ ಅದಕ್ಕೊಂದು ಸ್ಥಾನವೂ ಇದೆ. ಆದರೆ ಸೇತುವೆ ಏಕೆ ಬಂತು ಎಂಬ ಪ್ರಶ್ನೆಗೆ ಅದನ್ನು ಉತ್ತರವಾಗಿ ಬರೆಯಬಾರದು.

ಈಗ ಕಟ್ಟಡವನ್ನು ಹತ್ತಿರದಿಂದ ನೋಡೋಣ. ಸುಮಾರು 600 ಅಡಿ ಉದ್ದ, 35 ಅಡಿ ಅಗಲದ ಈ ಕಲ್ಲಿನ ಸೇತುವೆಗೆ 22 ಕಮಾನುಗಳಿವೆ. ಭಾಗಿಸಿ ನೋಡಿದರೆ ಒಂದು ಕಮಾನು ಮತ್ತು ಅದರ ಕಂಬಕ್ಕೆ ಸರಾಸರಿ 27 ಅಡಿ ಸಿಗುತ್ತದೆ. ಮೇಲಿನ ಭಾರವನ್ನು ಕಮಾನಿನ ಕಲ್ಲುಗಳು ಒಂದನ್ನೊಂದು ಒತ್ತಿಕೊಂಡು ಎರಡೂ ಬದಿಯ ಕಂಬಗಳಿಗೆ ಇಳಿಸುತ್ತವೆ, ಆದ್ದರಿಂದ ಕಂಬಗಳು ದಪ್ಪವಾಗಿರಲೇಬೇಕು. ಆದರೆ ಕಂಬ ದಪ್ಪವಾದಷ್ಟೂ ನೀರು ಹರಿಯುವ ದಾರಿ ಕಿರಿದಾಗುತ್ತದೆ. ಹಳೆಯ ಕಲ್ಲುಸೇತುವೆಗಳೆಲ್ಲವೂ ಎದುರಿಸಿದ ಇಕ್ಕಟ್ಟು ಇದು. ಪ್ರವಾಹದಿಂದ ಹಾನಿಗೊಂಡಿದ್ದ ಇದನ್ನು 1820ರಲ್ಲಿ ಹೈದರಾಬಾದಿನ ನಿಜಾಮ ಸಿಕಂದರ್ ಜಾ ದುರಸ್ತಿ ಮಾಡಿಸಿದನು. ಹದಿನೇಳನೆಯ ಶತಮಾನದಲ್ಲಿ ಇಲ್ಲಿಗೆ ಬಂದಿದ್ದ ಫ್ರೆಂಚ್ ವ್ಯಾಪಾರಿ ತಾವೆರ್ನಿಯೆ ಇದನ್ನು ಪ್ಯಾರಿಸ್ಸಿನ ಪಾಂ ನಫ್ ಸೇತುವೆಯೊಂದಿಗೆ ಹೋಲಿಸಿದ್ದಾನೆ.

ಇದರ ದೊಡ್ಡ ಪರೀಕ್ಷೆ 1908ರ ಸೆಪ್ಟೆಂಬರ್ 28ರಂದು ನಡೆಯಿತು. ಮೇಲ್ಭಾಗದ ಕೆರೆಗಳು ಒಂದರ ಹಿಂದೊಂದು ಒಡೆದು ನೀರು ನುಗ್ಗಿದಾಗ ಸಾವಿರಾರು ಜನ ಸತ್ತರು. ಅಫ್ಜಲ್, ಮುಸಲ್ಲಂ ಜಂಗ್ ಮತ್ತು ಚಾದರ್‌ಘಾಟ್ ಸೇತುವೆಗಳು ಮುರಿದುಬಿದ್ದವು. ನಗರದ ಎರಡು ಭಾಗಗಳ ನಡುವೆ ಉಳಿದ ಒಂದೇ ದಾರಿ, ಎಲ್ಲಕ್ಕಿಂತ ಹಳೆಯದಾದ ಪುರಾನಾ ಪುಲ್.

ಈ ದುರಂತದ ನಂತರ ನಿಜಾಮರ ಸರ್ಕಾರ ಸಲಹೆಗಾಗಿ ಕರೆಸಿದ್ದು ಮುದ್ದೇನಹಳ್ಳಿಯ ಎಂ. ವಿಶ್ವೇಶ್ವರಯ್ಯನವರನ್ನು. ನಗರದಲ್ಲಿ ದಡಗಳನ್ನು ಎತ್ತರಿಸಿದರೆ ಮಾತ್ರ ಸಾಲದು, ನಗರದ ಮೇಲ್ಭಾಗದಲ್ಲೇ ಪ್ರವಾಹವನ್ನು ತಡೆದು ನಿಲ್ಲಿಸಬೇಕು ಎಂಬುದು 1909ರಲ್ಲಿ ಅವರು ಕೊಟ್ಟ ಸಲಹೆಯ ತಿರುಳು. ಅದರ ಫಲವಾಗಿ ಮೂಸಿಗೆ ಉಸ್ಮಾನ್ ಸಾಗರ, ಅದರ ಉಪನದಿ ಈಸಿಗೆ ಹಿಮಾಯತ್ ಸಾಗರ ಬಂದವು. ಸೇತುವೆಯ ಇತಿಹಾಸವನ್ನು ಕಮಾನುಗಳಿಗೆ ನಿಲ್ಲಿಸದೆ ಈ ಜಲಾಶಯಗಳವರೆಗೆ ಓದಬೇಕೆಂದು ನಾನು ಹೇಳುವುದು ಇದಕ್ಕಾಗಿಯೇ: ಆ 22 ಕಮಾನುಗಳ ಕೆಳಗೆ ಎಷ್ಟು ನೀರು ಬರಬೇಕೆಂಬುದು ಆ ಬಳಿಕ ಬಹುಮಟ್ಟಿಗೆ ಅಲ್ಲಿಯೇ ತೀರ್ಮಾನವಾಗತೊಡಗಿತು.