ಕೈ ಹಚ್ಚದ ಫೀಲ್ಡು, ಖಾಲಿ ಮಾಡಿದ ಫೀಲ್ಡು

ಕಲಬುರಗಿಯ ಅಡತಿ ಅಂಗಡಿಗಳಿಗೆ ತೊಗರಿ ವಹಿವಾಟಿನ ಲೆಕ್ಕದ ತಂತ್ರಾಂಶ ಮಾಡಿಕೊಡುವ ಸಣ್ಣ ತಂಡವೊಂದರಲ್ಲಿ ನಾನು ಕೆಲಸ ಮಾಡುತ್ತೇನೆ. ಒಂದು ಸುಗ್ಗಿಯಲ್ಲಿ, ಮಾರುಕಟ್ಟೆಗೆ ಹೊಸ ಮಾಲು ಬರತೊಡಗಿದ ಹೊತ್ತಿಗೆ ಸರಿಯಾಗಿ, ಒಬ್ಬ ಮುನೀಮರು ಕರೆ ಮಾಡಿ, ರೈತರೊಬ್ಬರ ಊರಿನ ಹೆಸರಿನಲ್ಲಿದ್ದ ತಪ್ಪನ್ನು ತಿದ್ದಿದ ಮೇಲೆ ಅವರ ಫೋನ್ ನಂಬರೂ ಬ್ಯಾಂಕ್ ಖಾತೆಯ ಸಂಖ್ಯೆಯೂ ಮಾಯವಾಗಿವೆ ಎಂದು ದೂರಿದರು. “ನಾ ಬರೇ ಊರಿನ ಹೆಸರು ತಿದ್ದೀನ್ರಿ ಸರ, ಫೋನ್ ನಂಬರಿಗಿ ಕೈ ಹಚ್ಚೇ ಇಲ್ಲ” ಎಂಬುದು ಅವರ ಮಾತು. ಅವರು ಹೇಳಿದ್ದು ನಿಜವಾಗಿತ್ತು. ನಂಬರನ್ನು ಅಳಿಸಿದ್ದು ನಮ್ಮದೇ ಮೊಬೈಲ್ ಆ್ಯಪ್.

ಆದದ್ದು ಇಷ್ಟು. ಆಂಡ್ರಾಯ್ಡ್ ಆ್ಯಪ್‌ನಲ್ಲಿ ದತ್ತಾಂಶವನ್ನು ಜೇಸನ್ ರೂಪಕ್ಕೆ (ಹೆಸರು ಮತ್ತು ಮೌಲ್ಯದ ಜೋಡಿಗಳಾಗಿ ಬರೆದ ಪಠ್ಯಕ್ಕೆ; ಆ ಹೆಸರೇ ‘ಕೀ’) ತರಲು ನಾವು ಮೊದಲು ಜಿಸನ್ ಎಂಬ ಲೈಬ್ರರಿಯನ್ನು, ಅಂದರೆ ಸಿದ್ಧ ಕೋಡನ್ನು, ಬಳಸುತ್ತಿದ್ದೆವು. ಮೌಲ್ಯವಿಲ್ಲದ ಫೀಲ್ಡುಗಳನ್ನು (ದಾಖಲೆಯ ಒಂದೊಂದು ಮನೆಯನ್ನು) ಕಳಿಸದೆ ಬಿಡುವುದು ಅದರ ಮೂಲ ಸ್ವಭಾವ. ಬೇರೆ ಕಾರಣಕ್ಕಾಗಿ ಅದನ್ನು ತೆಗೆದು ಜ್ಯಾಕ್ಸನ್ ಹಾಕಿದೆವು; ಅದರ ಮೂಲ ಸ್ವಭಾವ ತದ್ವಿರುದ್ಧ, ಮೌಲ್ಯವಿಲ್ಲದ ಪ್ರತಿಯೊಂದು ಫೀಲ್ಡನ್ನೂ ‘ನಲ್’ (ಏನೂ ಇಲ್ಲ) ಎಂದು ಬರೆದೇ ಕಳಿಸುತ್ತದೆ. ಊರಿನ ಹೆಸರು ತಿದ್ದುವ ಪರದೆಯು ಹೆಸರು ಮತ್ತು ಊರನ್ನು ಬಿಟ್ಟರೆ ಉಳಿದ ಯಾವ ವಿವರವನ್ನೂ ತರಿಸಿಕೊಂಡಿರಲಿಲ್ಲವಾದ್ದರಿಂದ, ಆ್ಯಪ್‌ನ ಕೈಯಲ್ಲಿದ್ದ ರೈತರ ದಾಖಲೆಯಲ್ಲಿ ಫೋನು, ಖಾತೆ ಎಲ್ಲವೂ ಖಾಲಿಯಾಗಿದ್ದವು. ಸರ್ವರ್ ಅದನ್ನು ‘ಇವನ್ನು ಅಳಿಸಿರಿ’ ಎಂದು ಓದಿಕೊಂಡು, ಹೇಳಿದ ಕೆಲಸವನ್ನು ನಿಷ್ಠೆಯಿಂದ ಮಾಡಿತು. ಇದಕ್ಕೂ ಹಿಂದೆ ಇನ್ನೊಂದು ಅಂಗಡಿಯವರು, ಅಳಿಸಿದ ನಂಬರು ಮತ್ತೆ ಮತ್ತೆ ತಿರುಗಿ ಬರುತ್ತದೆ ಎಂದು ಹೇಳಿದ್ದರು. ಆ್ಯಪನ್ನು ಮುಚ್ಚಿ ತೆರೆಯಿರಿ ಎಂದು ನಾವು ಜಾರಿಸಿದ್ದೆವು. ಹಳೆಯ ಲೈಬ್ರರಿಯಿಂದ ಯಾವುದನ್ನೂ ಅಳಿಸಲು ಸಾಧ್ಯವೇ ಇರಲಿಲ್ಲ, ಹೊಸದರಿಂದ ಅಳಿಸದೆ ಇರಲು ಸಾಧ್ಯವಿರಲಿಲ್ಲ. ಎರಡೂ ದೂರುಗಳ ಬೇರು ಒಂದೇ ಎಂಬುದು ನಮಗೆ ಹೊಳೆದದ್ದು ಆಮೇಲೆ.

ಅದೇ ಮುನೀಮರ ಕಾಗದದ ವಹಿಯನ್ನು ನೋಡಿದರೆ ಈ ಗೊಂದಲ ಅಲ್ಲಿರುವುದಿಲ್ಲ. ಮಾಲಿಗೆ ಹಮಾಲಿ ಕಡಿತ ಇಲ್ಲವೆಂದಾದರೆ ಅವರು ಆ ಮನೆಯಲ್ಲಿ ಅಡ್ಡಗೀಟು ಎಳೆಯುತ್ತಾರೆ. ಕಡಿತ ಎಷ್ಟೆಂದು ಇನ್ನೂ ಗೊತ್ತಾಗಬೇಕಿದ್ದರೆ ಮನೆಯನ್ನು ಹಾಗೆಯೇ ಬಿಡುತ್ತಾರೆ. ಗೀಟೂ ಒಂದು ಬರಹವೇ, ಅದನ್ನು ಯಾರೋ ಯೋಚಿಸಿ ಬರೆದಿರುತ್ತಾರೆ. ಜೇಸನ್‌ನಲ್ಲಿಯೂ ಈ ಎರಡಕ್ಕೂ ಜಾಗವಿದೆ. ಜೇಸನ್‌ನ ನಿಯಮ ಹೇಳುವ ಅಂತರ್ಜಾಲ ಮಾನದಂಡ, 2017ರ ಆರ್‌ಎಫ್‌ಸಿ 8259ರ ಪ್ರಕಾರ ನಲ್ ಎಂಬುದು ಟ್ರೂ, ಫಾಲ್ಸ್‌ಗಳಂತೆ ತಾನೇ ಒಂದು ಮೌಲ್ಯ. ಕೀ ಇಲ್ಲದಿರುವುದು ಬೇರೆಯೇ ಸಂಗತಿ. ‘ಹೇಳಿಲ್ಲ’ ಎಂಬುದಕ್ಕೂ ‘ಇಲ್ಲವೆಂದು ಹೇಳಿದ್ದೇನೆ’ ಎಂಬುದಕ್ಕೂ ಇರುವ ಅಂತರವಿದು. ಆದರೆ ಇವೆರಡರ ಅರ್ಥವೇನು ಎಂಬುದನ್ನು ಜೇಸನ್ ನಿರ್ಧರಿಸಿಕೊಡುವುದಿಲ್ಲ. ಅದು ಎಪಿಐಯನ್ನು, ಅಂದರೆ ಆ್ಯಪ್ ಮತ್ತು ಸರ್ವರ್ ಮಾತಾಡಿಕೊಳ್ಳುವ ರೀತಿಯನ್ನು, ರೂಪಿಸುವವರ ಜವಾಬ್ದಾರಿ, ಹೆಚ್ಚಿನವರು ಅದನ್ನು ಬರೆದಿಡದೆ ಮುಂದೆ ಹೋಗುತ್ತಾರೆ. ನಾವೂ ಹಾಗೆಯೇ ಹೋಗಿದ್ದೆವು.

ಬರೆದಿಡಲು ಹೊರಟಾಗ ಮೊದಲು ಬಿಡಿಸಿಕೊಳ್ಳಬೇಕಾದದ್ದು ‘ರಿಕ್ವೈರ್ಡ್’ (ಕಡ್ಡಾಯ) ಎಂಬ ಪದವನ್ನು. ಜೇಸನ್ ದಾಖಲೆ ಹೇಗಿರಬೇಕೆಂದು ಬರೆದಿಡುವ ಜೇಸನ್ ಸ್ಕೀಮಾದಲ್ಲಿ ಈ ಪದ ಕೇಳುವುದು ಕೀ ಇದೆಯೇ ಎಂಬುದನ್ನು ಮಾತ್ರ. ಅದರೊಳಗಿನ ಮೌಲ್ಯ ನಲ್ ಆಗಬಹುದೇ ಎಂಬುದನ್ನು ಹೇಳುವುದು ಟೈಪ್, ಅಂದರೆ ಮೌಲ್ಯದ ಬಗೆ. ಪ್ರಶ್ನೆಗಳು ಎರಡಾದ್ದರಿಂದ ಸ್ಥಿತಿಗಳು ನಾಲ್ಕಾಗುತ್ತವೆ. ರೈತರ ಹೆಸರು ಇರಲೇಬೇಕು, ನಲ್ ಆಗಬಾರದು. ತೂಕದ ಚೀಟಿಯಲ್ಲಿ ತೇವಾಂಶದ ಕೀ ಇರಲೇಬೇಕು, ಆದರೆ ಮೀಟರ್ ಹಚ್ಚದಿದ್ದರೆ ಅದು ನಲ್ ಆಗಬಹುದು. ಮುದ್ರಣದ ಭಾಷೆಯನ್ನು ಕಳಿಸದಿದ್ದರೂ ನಡೆಯುತ್ತದೆ, ಕಳಿಸಿದರೆ ಮಾತ್ರ ಅದಕ್ಕೊಂದು ಮೌಲ್ಯ ಇರಬೇಕು. ನಾಲ್ಕನೆಯದು, ಕಳಿಸದಿದ್ದರೂ ಸರಿ, ನಲ್ ಕಳಿಸಿದರೂ ಸರಿ ಎನ್ನುವಂಥದ್ದು. ತಿದ್ದುಪಡಿಯ ವಿನಂತಿಗಳನ್ನು ಬಿಟ್ಟು ಬೇರೆಲ್ಲಿಯಾದರೂ ಇದನ್ನು ಕಂಡರೆ ನಾನು ಅನುಮಾನಪಡುತ್ತೇನೆ, ಏಕೆಂದರೆ ಬಹುಪಾಲು ಅದು ಯಾರೂ ತೀರ್ಮಾನ ತೆಗೆದುಕೊಂಡಿಲ್ಲ ಎಂಬುದರ ಗುರುತು. ಎಪಿಐಗಳನ್ನು ವಿವರಿಸುವ ಮಾನದಂಡವಾದ ಓಪನ್‌ಎಪಿಐನ 3.0 ಆವೃತ್ತಿಯಲ್ಲಿ ನಲ್‌ಗೆ ಅವಕಾಶ ಕೊಡಲು ‘ನಲೆಬಲ್’ ಎಂಬ ಪ್ರತ್ಯೇಕ ಪದವಿತ್ತು, 2021ರ 3.1 ಆವೃತ್ತಿ ಅದನ್ನು ತೆಗೆದುಹಾಕಿ, ಜೇಸನ್ ಸ್ಕೀಮಾದ ರೀತಿಯಲ್ಲಿಯೇ ಟೈಪ್‌ಗಳ ಪಟ್ಟಿಯೊಳಗೆ ನಲ್ಲನ್ನು ಸೇರಿಸಲು ಹೇಳುತ್ತದೆ. ಹಳೆಯ ಕಡತವನ್ನು ಹೊಸ ಆವೃತ್ತಿಗೆ ಏರಿಸುವಾಗ ಮೇಲಿನ ಸಂಖ್ಯೆಯೊಂದನ್ನೇ ಬದಲಿಸಿ ಕುಳಿತರೆ, ಹಳೆಯ ಪದಕ್ಕೆ ಅರ್ಥವಿಲ್ಲದಂತಾಗಿ ನಲ್ ಬಂದಲ್ಲೆಲ್ಲ ತಪಾಸಣೆ ಸೋಲುತ್ತದೆ.

ತಿದ್ದುಪಡಿಯ ವಿಷಯಕ್ಕೆ ಬಂದರೆ, ಅಲ್ಲಿ ಆಗಲೇ ಒಂದು ಒಪ್ಪಿತ ಕ್ರಮವಿದೆ. ದಾಖಲೆಯ ಒಂದು ಭಾಗವನ್ನು ಮಾತ್ರ ತಿದ್ದಲು ವೆಬ್‌ನ ಸಂವಹನ ನಿಯಮವಾದ ಎಚ್‌ಟಿಟಿಪಿಗೆ ಪ್ಯಾಚ್ ವಿಧಾನ ಬಂದದ್ದು 2010ರಲ್ಲಿ. 2014ರ ಆರ್‌ಎಫ್‌ಸಿ 7396, ಅಂದರೆ ಜೇಸನ್ ಮರ್ಜ್ ಪ್ಯಾಚ್, ಅದರ ಒಡಲಿಗೆ ಸರಳವಾದ ಅರ್ಥ ಕೊಟ್ಟಿತು: ಕೀ ಇಲ್ಲದಿದ್ದರೆ ಮುಟ್ಟಬೇಡಿ, ಕೀ ಇದ್ದು ನಲ್ ಇದ್ದರೆ ತೆಗೆದುಹಾಕಿ, ಮೌಲ್ಯವಿದ್ದರೆ ಅದನ್ನು ಇಡಿ. ಮುನೀಮರ ಮಾತಿನಲ್ಲಿ ಹೇಳುವುದಾದರೆ, ಕೈ ಹಚ್ಚದ್ದು ಒಂದು, ಖಾಲಿ ಮಾಡಿದ್ದು ಇನ್ನೊಂದು. ಇದಕ್ಕೊಂದು ಬೆಲೆಯೂ ಇದೆ. ನಲ್ ಎಂದರೆ ಅಳಿಸು ಎಂದಾದ ಮೇಲೆ, ನಲ್ ಎಂಬುದನ್ನೇ ಮೌಲ್ಯವಾಗಿ ಉಳಿಸಿಡುವುದು ಈ ಕ್ರಮದಲ್ಲಿ ಸಾಧ್ಯವಿಲ್ಲ. ಪಟ್ಟಿಯೊಳಗಿನ ಒಂದೇ ಅಂಶವನ್ನು ತಿದ್ದಲೂ ಬರುವುದಿಲ್ಲ, ಇಡೀ ಪಟ್ಟಿಯನ್ನು ಮತ್ತೆ ಕಳಿಸಬೇಕು. ಅಷ್ಟು ಸೂಕ್ಷ್ಮ ಬೇಕಾದವರಿಗೆ 2013ರ ಜೇಸನ್ ಪ್ಯಾಚ್ ಇದೆ. ಅದು ಸೇರಿಸು, ತೆಗೆ, ಬದಲಿಸು ಎಂದು ಕ್ರಿಯೆಗಳನ್ನೇ ಸಾಲಾಗಿ ಬರೆಯುತ್ತದೆ. ನಮ್ಮಂಥ ಲೆಕ್ಕದ ತಂತ್ರಾಂಶಕ್ಕೆ ಮರ್ಜ್ ಪ್ಯಾಚ್ ಸಾಕು ಎಂಬುದು ನನ್ನ ಅಭಿಪ್ರಾಯ. ಎಚ್‌ಟಿಟಿಪಿಯದೇ ಇನ್ನೊಂದು ವಿಧಾನವಾದ ಪುಟ್ಟನ್ನು ಮಾತ್ರ ತಿದ್ದುಪಡಿಗೆ ಬಳಸಲು ನನಗೆ ಧೈರ್ಯವಿಲ್ಲ. ಪುಟ್ ಎಂದರೆ ಇಡೀ ದಾಖಲೆಯ ಬದಲಾವಣೆ. ಸರ್ವರ್‌ಗೆ ‘ಎರಡನೆಯ ಫೋನ್’ ಎಂಬ ಹೊಸ ಫೀಲ್ಡನ್ನು ಸೇರಿಸಿದ ದಿನ, ಅದರ ಸುದ್ದಿಯೇ ತಿಳಿಯದ ಹಳೆಯ ಆ್ಯಪ್ ಯಾವುದೋ ಹಳ್ಳಿಯ ಫೋನಿನಲ್ಲಿ ಓಡುತ್ತಲೇ ಇರುತ್ತದೆ, ತನಗೆ ಗೊತ್ತಿರುವ ಫೀಲ್ಡುಗಳನ್ನಷ್ಟೇ ಪುಟ್ ಮಾಡಿ ಹೊಸ ಫೀಲ್ಡನ್ನು ಒರೆಸಿಹಾಕುತ್ತದೆ. ಆಳಂದ, ಚಿಂಚೋಳಿಯ ಕಡೆಯ ಬಳಕೆದಾರರು ಆ್ಯಪನ್ನು ತಿಂಗಳುಗಟ್ಟಲೆ ಅಪ್‌ಡೇಟ್ ಮಾಡದಿದ್ದರೆ ಅದು ಅವರ ತಪ್ಪಲ್ಲ.

ಕ್ರಮವನ್ನು ಒಪ್ಪಿಕೊಂಡರೂ ಅದನ್ನು ಪಾಲಿಸಲು ಪ್ರೋಗ್ರಾಮಿಂಗ್ ಭಾಷೆಗಳು ಸುಲಭವಾಗಿ ಬಿಡುವುದಿಲ್ಲ. ಜಾಲದಲ್ಲಿ ಸಾಗುವಾಗ ಎರಡಾಗಿದ್ದದ್ದು ಕಂಪ್ಯೂಟರಿನ ಸ್ಮೃತಿಯೊಳಗೆ ಬಂದೊಡನೆ ಒಂದಾಗಿಬಿಡುತ್ತದೆ. ಜಾವಾದ ಸಾಮಾನ್ಯ ವಸ್ತುವಿನಲ್ಲಿ ಬಾರದ ಕೀ ಕೂಡ ನಲ್, ನಲ್ ಆಗಿ ಬಂದದ್ದೂ ನಲ್. ಗೋ ಭಾಷೆಯಲ್ಲಿ ಪಾಯಿಂಟರ್ (ಮೌಲ್ಯವಿರುವ ಜಾಗದ ವಿಳಾಸ) ಹಾಕಿದರೆ ಎರಡೂ ನಿಲ್, ಅಂದರೆ ಅಲ್ಲಿನ ನಲ್, ಆಗುತ್ತವೆ. ಪಾಯಿಂಟರ್ ಹಾಕದೆ ಬರೀ ಸಂಖ್ಯೆಯ ಫೀಲ್ಡು ಇಟ್ಟರೆ, ನಲ್ ಬಂದಾಗ ಅದರ ಜೇಸನ್ ಲೈಬ್ರರಿ ತಪ್ಪು ಎಂದೂ ಹೇಳದೆ, ಏನನ್ನೂ ಮಾಡದೆ ಸೊನ್ನೆಯನ್ನು ಸೊನ್ನೆಯಾಗಿಯೇ ಬಿಡುತ್ತದೆ. ಕಳಿಸುವಾಗಿನ ‘ಆಮಿಟ್‌ಎಂಪ್ಟಿ’ (ಖಾಲಿಯಿದ್ದರೆ ಬಿಡು) ಗುರುತು ಇನ್ನೊಂದು ತೊಡಕು. ನಿಜವಾಗಿಯೂ ಸೊನ್ನೆ ಇರುವ ಬಾಕಿಯನ್ನೂ ಅದು ಖಾಲಿಯೆಂದು ಕೈಬಿಡುತ್ತದೆ. ಜೇಸನ್ ಬರೆಯುವಾಗ ಜಾವಾಸ್ಕ್ರಿಪ್ಟ್, ‘ಅನ್‌ಡಿಫೈನ್ಡ್’ (ಮೌಲ್ಯ ಕೊಟ್ಟಿಲ್ಲ) ಎಂಬುದು ವಸ್ತುವಿನೊಳಗಿದ್ದರೆ ಆ ಕೀಯನ್ನೇ ಬಿಟ್ಟುಬಿಡುತ್ತದೆ, ಪಟ್ಟಿಯೊಳಗಿದ್ದರೆ ನಲ್ ಮಾಡುತ್ತದೆ. ದತ್ತಾಂಶ ಕಳಿಸುವ ಇನ್ನೊಂದು ರೂಪವಾದ ಪ್ರೋಟೋಬಫ್‌ನ ಮೂರನೆಯ ಆವೃತ್ತಿಯು ಸರಳ ಫೀಲ್ಡುಗಳು ಬಂದವೋ ಇಲ್ಲವೋ ಎಂಬ ಗುರುತನ್ನೇ ತೆಗೆದುಹಾಕಿ, ಬಳಕೆದಾರರ ಒತ್ತಾಯದ ನಂತರ ‘ಆಪ್ಷನಲ್’ ಪದವನ್ನು ಮರಳಿ ತಂದಿತು, 2021ರ 3.15ರಿಂದ ಅದು ಎಲ್ಲರಿಗೂ ಲಭ್ಯ. ಈ ಸಾಲಿನಲ್ಲಿ ನನಗೆ ಹಿಡಿಸಿದ್ದು ಪೈಥಾನ್ ಭಾಷೆಯ ಪೈಡಾಂಟಿಕ್ ಲೈಬ್ರರಿ: ಯಾವ ಯಾವ ಫೀಲ್ಡುಗಳು ನಿಜವಾಗಿ ಬಂದವು ಎಂಬ ಪಟ್ಟಿಯನ್ನು ಅದು ಪಕ್ಕದಲ್ಲಿ ಇಟ್ಟುಕೊಂಡಿರುತ್ತದೆ, ಕೇಳಿದರೆ ಹೇಳುತ್ತದೆ. ಉಳಿದ ಭಾಷೆಗಳಲ್ಲಿ ಬಾರದ್ದು, ನಲ್, ಮೌಲ್ಯ ಎಂಬ ಮೂರು ಸ್ಥಿತಿಗಳ ಒಂದು ಸಣ್ಣ ಟೈಪನ್ನು ನಾವೇ ಬರೆದುಕೊಳ್ಳಬೇಕು. ಡೇಟಾಬೇಸ್‌ಗೆ ಇಳಿದರೂ ಕಥೆ ಇದೇ. ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿ ಜೇಸನ್ ಇಡುವ ಜೇಸನ್‌ಬಿ ಕಾಲಮ್ಮಿನಿಂದ ಪಠ್ಯವಾಗಿ ತೆಗೆದರೆ ಇಲ್ಲದ ಕೀಯೂ ನಲ್ ಇರುವ ಕೀಯೂ ಒಂದೇ ರೀತಿ ಕಾಣುತ್ತವೆ, ಕೀ ಇದೆಯೇ ಎಂದು ಬೇರೆಯಾಗಿ ಕೇಳಬೇಕು. ಆರಕಲ್ ಡೇಟಾಬೇಸ್ ಅಂತೂ ಖಾಲಿ ಪಠ್ಯವನ್ನೇ ನಲ್ ಎಂದು ತಿಳಿಯುತ್ತದೆ.

ಇದುವರೆಗೆ ಹೇಳಿದ್ದು ಒಳಬರುವ ವಿನಂತಿಯ ಮಾತು. ಸರ್ವರ್ ಕೊಡುವ ಉತ್ತರದಲ್ಲಿ ನಾನು ಬೇರೆ ನಿಯಮ ಇಟ್ಟುಕೊಂಡಿದ್ದೇನೆ: ಕೀ ಯಾವಾಗಲೂ ಇರಬೇಕು, ಮೌಲ್ಯವಿಲ್ಲದಿದ್ದರೆ ನಲ್ ಇರಬೇಕು. ಓದುವವರು ಆಗ ಒಂದೇ ಪ್ರಶ್ನೆ ಕೇಳಿಕೊಂಡರೆ ಸಾಕು, ಮೇಲಾಗಿ ಕೀಯ ಹೆಸರನ್ನು ತಪ್ಪಾಗಿ ಬರೆದ ಕ್ಲೈಂಟ್ ಬೇಗ ಸಿಕ್ಕಿಬೀಳುತ್ತದೆ. ನಲ್‌ಗಳನ್ನು ಕಳಿಸಿದರೆ ಗಾತ್ರ ಹೆಚ್ಚುತ್ತದೆ, ನೆಟ್‌ವರ್ಕ್ ಮೊದಲೇ ನಿಧಾನ ಎಂದು ಕಿರಿಯ ಸಹೋದ್ಯೋಗಿಯೊಬ್ಬರು ವಾದಿಸಿದರು. ಒಂದೇ ಕೀಯ ಹೆಸರು ನೂರು ಸಲ ಬರುವ ಪಠ್ಯವನ್ನು ಜಿಜಿಪ್ ಎಂಬ ಸಂಕುಚನ ವಿಧಾನ ಚೆನ್ನಾಗಿಯೇ ಹಿಂಡುತ್ತದೆಂದು ತೋರಿಸಿದ ಮೇಲೆ ಒಪ್ಪಿದರು. ಒಂದು ವಿನಾಯಿತಿ ಇದೆ. ನೋಡಲು ಅಧಿಕಾರವಿಲ್ಲದವರಿಗೆ ಬ್ಯಾಂಕ್ ಖಾತೆಯ ಕೀಯನ್ನು ಕೊಡದೇ ಇರಬೇಕು, ನಲ್ ಎಂದು ಕೊಡಬಾರದು. ನಲ್ ಕೊಟ್ಟರೆ ರೈತರಿಗೆ ಖಾತೆಯೇ ಇಲ್ಲವೆಂದು ಸುಳ್ಳು ಹೇಳಿದಂತಾಗುತ್ತದೆ.

ನಲ್ ಒಂದೇ ಪದದ ಮೇಲೆ ಹಲವು ಅರ್ಥಗಳ ಹೊರೆ ಹೊರಿಸುವುದು ಇದಕ್ಕಿಂತ ದೊಡ್ಡ ದೋಷ. ದತ್ತಾಂಶವನ್ನು ಕೋಷ್ಟಕಗಳಾಗಿ ಇಡುವ ರಿಲೇಷನಲ್ ಮಾದರಿಯನ್ನು 1970ರಲ್ಲಿ ಮಂಡಿಸಿದ ಇ. ಎಫ್. ಕಾಡ್ ಅವರೇ ಮುಂದೆ, ‘ಇರಬೇಕಾದದ್ದು, ಆದರೆ ತಿಳಿದಿಲ್ಲ’ ಎಂಬುದಕ್ಕೂ ‘ಇಲ್ಲಿ ಅನ್ವಯಿಸುವುದೇ ಇಲ್ಲ’ ಎಂಬುದಕ್ಕೂ ಬೇರೆ ಬೇರೆ ಗುರುತು ಬೇಕೆಂದರು. ಡೇಟಾಬೇಸ್‌ಗಳ ಭಾಷೆಯಾದ ಎಸ್‌ಕ್ಯೂಎಲ್ ಒಂದೇ ನಲ್‌ನಲ್ಲಿ ನಿಂತುಬಿಟ್ಟಿತು. ನಮ್ಮ ಭಾಗದ ಅರ್ಜಿಗಳಲ್ಲಿ ಇದಕ್ಕೆ ಉದಾಹರಣೆ ಹುಡುಕಬೇಕಿಲ್ಲ. ಪ್ರವೇಶಾತಿಯ ಅರ್ಜಿಯಲ್ಲಿ ಕಲ್ಯಾಣ ಕರ್ನಾಟಕದವರ ಮೀಸಲಾತಿಗೆ ಸಂಬಂಧಿಸಿದ ಸಂವಿಧಾನದ 371ಜೆ ವಿಧಿಯ ಅರ್ಹತಾ ಪ್ರಮಾಣಪತ್ರದ ಸಂಖ್ಯೆ ನಲ್ ಆಗಿದೆ ಎಂದುಕೊಳ್ಳೋಣ. ಅಭ್ಯರ್ಥಿ ಧಾರವಾಡದವರಾಗಿದ್ದು ಅದು ಅವರಿಗೆ ಅನ್ವಯಿಸುವುದಿಲ್ಲವೋ, ಯಾದಗಿರಿಯವರಾಗಿದ್ದು ಪತ್ರ ಇನ್ನೂ ಕೈಗೆ ಬಂದಿಲ್ಲವೋ, ಪತ್ರವಿದ್ದೂ ಮೀಸಲಾತಿ ಬೇಡವೆಂದಿದ್ದಾರೋ? ನಲ್ ನೋಡಿ ಇದನ್ನು ಹೇಳಲು ಬಾರದು, ಆದರೆ ಒಬ್ಬರ ಸೀಟು ಇದರ ಮೇಲೆ ನಿಂತಿರುತ್ತದೆ. ಇಂಥ ಕಡೆ ‘ಸ್ಥಿತಿ’ ಎಂಬ ಪ್ರತ್ಯೇಕ ಫೀಲ್ಡು ಇಟ್ಟು, ‘ಅನ್ವಯಿಸದು’, ‘ಬಾಕಿ’, ‘ಬೇಡ’, ‘ಸಲ್ಲಿಸಿದೆ’ ಎಂದು ಹೆಸರಿಟ್ಟು ಬರೆಯುವುದೇ ಸರಿ. ಸಂಖ್ಯೆ ಕೊನೆಯ ಸ್ಥಿತಿಯೊಂದರಲ್ಲಿ ಮಾತ್ರ ಬರಲಿ. ನಮ್ಮ ಪಹಣಿಯಲ್ಲಿ ಸರ್ವೆ ನಂಬರಿಗೂ ಹಿಸ್ಸಾಕ್ಕೂ ನಡುವೆ ಸರ್ನೋಕ್ ಎಂಬ ಅಂಕಣದ ಜಾಗದಲ್ಲಿ ಬರುವ ನಕ್ಷತ್ರದ ಗುರುತನ್ನು ಕಂಡು ನಗುವ ಪ್ರೋಗ್ರಾಮರ್‌ಗಳಿದ್ದಾರೆ. ನನಗೆ ಅದರ ಮೇಲೆ ಗೌರವವಿದೆ: ಜಾಗವನ್ನು ಸುಮ್ಮನೆ ಬಿಟ್ಟಿಲ್ಲ ಎಂದಾದರೂ ಅದು ಹೇಳುತ್ತದೆ.

ಬಳಕೆಗೆ ಬಿಟ್ಟ ಸ್ಕೀಮಾವನ್ನು ಬದಲಿಸುವಾಗ ದಿಕ್ಕು ಮುಖ್ಯವಾಗುತ್ತದೆ. ವಿನಂತಿಯಲ್ಲಿ ಕಡ್ಡಾಯವಿದ್ದದ್ದನ್ನು ಐಚ್ಛಿಕ ಮಾಡಿದರೆ ಯಾರಿಗೂ ತೊಂದರೆಯಿಲ್ಲ, ಉತ್ತರದಲ್ಲಿ ಅದನ್ನೇ ಮಾಡಿದರೆ ಓದುವ ಪ್ರತಿಯೊಂದು ಆ್ಯಪ್ ಕುಸಿಯಬಹುದು. ಉತ್ತರದ ಫೀಲ್ಡಿಗೆ ಹೊಸದಾಗಿ ನಲ್‌ಗೆ ಅವಕಾಶ ಕೊಡುವುದೂ ಹಾಗೆಯೇ. ಒಂದೇ ಸ್ಕೀಮಾವನ್ನು ಎರಡೂ ಕಡೆಗೆ ಹಂಚಿಕೊಂಡವರು ಇಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ. ಹೊಸ ದಾಖಲೆಗೆ, ತಿದ್ದುಪಡಿಗೆ ಮತ್ತು ಉತ್ತರಕ್ಕೆ ನಾವು ಈಗ ಮೂರು ಬೇರೆ ಸ್ಕೀಮಾ ಬರೆಯುತ್ತೇವೆ. ತಿದ್ದಬಹುದಾದ ಪ್ರತಿ ಫೀಲ್ಡಿಗೂ ಮೂರು ಪರೀಕ್ಷೆಗಳಿರುತ್ತವೆ: ಕೀ ಇಲ್ಲದೆ, ನಲ್‌ನೊಂದಿಗೆ, ಮೌಲ್ಯದೊಂದಿಗೆ. ಇವನ್ನು ಭಾಷೆಯ ವಸ್ತುಗಳಿಂದ ಕಟ್ಟದೆ ಕಚ್ಚಾ ಜೇಸನ್ ಪಠ್ಯವಾಗಿಯೇ ಬರೆದು ಸರ್ವರ್‌ಗೆ ಕಳಿಸುತ್ತೇವೆ. ವಸ್ತುಗಳಿಂದ ಕಟ್ಟಿದರೆ, ನಾವು ಪರೀಕ್ಷಿಸಬೇಕಾದ ತಪ್ಪನ್ನೇ ಲೈಬ್ರರಿ ಮಾಡಿ ಮುಚ್ಚಿಬಿಡುತ್ತದೆ.

ಈ ಪರೀಕ್ಷೆಗಳೇ ತೇವಾಂಶದ ಪ್ರಕರಣವನ್ನು ಹೊರಗೆಳೆದವು. ಬೆಂಬಲ ಬೆಲೆಯ ಖರೀದಿಯಲ್ಲಿ ತೊಗರಿಗೆ ತೇವಾಂಶದ ಮಿತಿ ಶೇ 12. ಅಂಗಡಿಗಳಲ್ಲಿಯೂ ಹಸಿ ಮಾಲಿಗೆ ದರ ಇಳಿಯುತ್ತದೆ. ಮೀಟರ್ ಹಚ್ಚದ ಚೀಟಿಗಳು ಆ್ಯಪ್‌ನಿಂದ ನಲ್ ಆಗಿಯೇ ಹೊರಡುತ್ತಿದ್ದವು. ಗೋದಲ್ಲಿ ಬರೆದ ನಮ್ಮ ಸರ್ವರ್ ಅವನ್ನು ಸೊನ್ನೆಯಾಗಿ ಓದಿ, ಸೊನ್ನೆಯಾಗಿ ಉಳಿಸಿ, ಒಣ ಮಾಲೆಂದು ಸರಾಸರಿಗೆ ಸೇರಿಸುತ್ತಿತ್ತು. ಅಂಗಡಿಯ ಮಾಲಕರಿಗೆ ತಮ್ಮ ಮಾಲು ಇಷ್ಟು ಒಣಗಿದೆಯೇ ಎಂದು ಸಂತೋಷವಾಗಿತ್ತಂತೆ. ಕೋಡನ್ನು ಸರಿಪಡಿಸಲು ಒಂದು ಮಧ್ಯಾಹ್ನ ಸಾಕಾಯಿತು. ಅಷ್ಟರೊಳಗೆ ಬರೆದುಹೋಗಿದ್ದ ಚೀಟಿಗಳನ್ನು ಕೋಡು ಸರಿಪಡಿಸಲಾರದು. ತೊಗರಿಯ ತೇವಾಂಶ ಸೊನ್ನೆ ಇರುವುದಿಲ್ಲವಾದ್ದರಿಂದ ಆ ಸಾಲುಗಳು ಸುಳ್ಳೆಂದು ಗೊತ್ತು; ಆದರೆ ಮೀಟರ್ ಹಚ್ಚದೆ ಬಿಟ್ಟ ಚೀಟಿ ಯಾವುದು, ಹಳೆಯ ಆ್ಯಪ್ ಕೀಯನ್ನೇ ಕಳಿಸದ ಚೀಟಿ ಯಾವುದು, ಅವಸರದಲ್ಲಿ ಯಾರೋ ಕೈಯಿಂದ ಸೊನ್ನೆ ಒತ್ತಿದ ಚೀಟಿ ಯಾವುದು ಎಂದು ಬೇರ್ಪಡಿಸುವ ಸುಳಿವು ಡೇಟಾಬೇಸ್‌ನಲ್ಲಿ ಉಳಿದಿರಲಿಲ್ಲ. ಕೊನೆಗೆ ಆ ಸುಗ್ಗಿಯ ಸೊನ್ನೆಗಳನ್ನೆಲ್ಲ ನಲ್ ಮಾಡಿ, ಪಕ್ಕದ ಸ್ಥಿತಿಯ ಫೀಲ್ಡಿನಲ್ಲಿ ‘ಕಾರಣ ತಿಳಿಯದು’ ಎಂದು ಬರೆದೆವು. ಹೊಸ ಚೀಟಿಗಳಿಗೆ ಆ ಸ್ಥಿತಿಯನ್ನು ಎಪಿಐ ಸ್ವೀಕರಿಸುವುದಿಲ್ಲ.