ಮೂತ್ರ ಸಲೀಸಾಗಿ ಹೋಗ್ತಿದ್ರೆ ಕಿಡ್ನಿ ಚೆನ್ನಾಗಿದೆ ಅಂತಾನಾ?

ಚಳ್ಳಕೆರೆ ಕಡೆಯ ಓದುಗರೊಬ್ಬರ ಪ್ರಶ್ನೆ: "ನಮ್ಮಪ್ಪನಿಗೆ ಹತ್ತು ವರ್ಷದಿಂದ ಶುಗರ್. ಕಿಡ್ನಿ ಟೆಸ್ಟ್ ಮಾಡಿಸೋಣ ಅಂದ್ರೆ, ಒಂದಕ್ಕೆ ಚೆನ್ನಾಗೇ ಹೋಗ್ತಿದೆ, ರಾತ್ರಿ ಮೂರು ಸಲ ಏಳ್ತೀನಿ, ನಂಗೇನಾಗಿದೆ ಅಂತಾರೆ. ಹೌದಾ?"

ಅಲ್ಲ. ಆದರೆ ಅಪ್ಪನ ಮೇಲೆ ರೇಗಬೇಡಿ, ಬಹಳ ಜನ ಹೀಗೇ ಅಂದುಕೊಂಡಿರುತ್ತಾರೆ.

ಹಬ್ಬಕ್ಕೆ ಸುಣ್ಣ ಹೊಡೆಯುವಾಗ ಮನೆಯ ಸಾಮಾನೆಲ್ಲ ಅಂಗಳಕ್ಕೆ ತಂದು ಹಾಕಿ, ಬೇಕಾದ್ದನ್ನು ಮತ್ತೆ ಒಳಗೆ ತಗೊಂಡು, ಉಳಿದದ್ದನ್ನು ತಿಪ್ಪೆಗೆ ಎಸೆಯುತ್ತೇವಲ್ಲ, ಕಿಡ್ನಿ ಅದನ್ನೇ ಹಗಲೂ ರಾತ್ರಿ ಮಾಡುತ್ತದೆ. ಒಂದೊಂದು ಕಿಡ್ನಿಯಲ್ಲೂ ಸುಮಾರು 10 ಲಕ್ಷ ಸಣ್ಣ ಜರಡಿಗಳಿವೆ, ನೆಫ್ರಾನ್ ಅನ್ನುತ್ತಾರೆ. ಎರಡೂ ಸೇರಿ ದಿನಕ್ಕೆ ಹೆಚ್ಚುಕಡಿಮೆ 180 ಲೀಟರ್ ನೀರಂಶವನ್ನು ರಕ್ತದಿಂದ ಸೋಸುತ್ತವೆ. ಅದರಲ್ಲಿರುವ ಸಕ್ಕರೆ, ಬೇಕಾದಷ್ಟು ಉಪ್ಪು, ನೀರಿನ ಬಹುಪಾಲು ಎಲ್ಲ ವಾಪಸ್ ರಕ್ತಕ್ಕೇ ಹೋಗುತ್ತದೆ. ಹೊರಗೆ ಬರುವುದು ಒಂದೂವರೆ, ಎರಡು ಲೀಟರ್ ಅಷ್ಟೇ.

ಕಿಡ್ನಿ ನಿಧಾನಕ್ಕೆ ಸೋಲುವಾಗ ನೀರನ್ನು ವಾಪಸ್ ಎಳೆದುಕೊಳ್ಳುವ ಶಕ್ತಿ ಕುಂದುತ್ತದೆ. ಆಗ ಮೂತ್ರ ಕಡಿಮೆಯಾಗುವ ಬದಲು ತೆಳ್ಳಗೆ, ಜಾಸ್ತಿಯೇ ಹೋಗಬಹುದು, ಅದರಲ್ಲೂ ರಾತ್ರಿ ಹೊತ್ತು. ನೀರು ಹೋಯಿತು, ಕಸ ಒಳಗೇ ಉಳಿಯಿತು! ಶುಗರ್ ಏರಿದ್ದರೂ, ಗಂಡಸರ ಮೂತ್ರಚೀಲದ ಕೆಳಗಿರುವ ಪ್ರಾಸ್ಟೇಟ್ ಗ್ರಂಥಿ ದಪ್ಪಗಾಗಿದ್ದರೂ ರಾತ್ರಿ ಏಳಬೇಕಾಗುತ್ತದೆ ಅನ್ನಿ. ಯಾವುದು ಅಂತ ಮನೆಯಲ್ಲಿ ಕೂತು ಗೊತ್ತಾಗುವುದಿಲ್ಲ.

ಇನ್ನೊಂದು ತೊಂದರೆ, ಕಿಡ್ನಿ ನೋವು ಹೇಳಿಕೊಳ್ಳುವುದಿಲ್ಲ. ರಕ್ತ ತಯಾರಾಗಲು ಬೇಕಾದ ಹಾರ್ಮೋನ್ ಕೊಡುವುದೂ ಅದೇ, ಬಿಪಿ ಹತೋಟಿಯಲ್ಲಿಡುವುದೂ ಅದೇ. ಹಾಗಾಗಿ ಸುಸ್ತು, ರಕ್ತ ಕಡಿಮೆ, ಕಾಲು ಊತ ಅಂತ ಕಾಣಿಸಿಕೊಳ್ಳುತ್ತದೆ, ಜನ ಸುಮ್ನೆ ಟಾನಿಕ್ ಕುಡಿಯುತ್ತಾ ಕೂರುತ್ತಾರೆ.

ಮಾಡಿಸಬೇಕಾದ್ದು ಎರಡು ಟೆಸ್ಟ್. ರಕ್ತದಲ್ಲಿ ಕ್ರಿಯಾಟಿನಿನ್, ಅಂದರೆ ಕಿಡ್ನಿ ಹೊರಹಾಕಬೇಕಾದ ಒಂದು ಕಸ. ಮೂತ್ರದಲ್ಲಿ ಅಲ್ಬುಮಿನ್, ಅಂದರೆ ಜರಡಿ ಕೆಟ್ಟಾಗ ಮೂತ್ರಕ್ಕೆ ಸೋರುವ ರಕ್ತದ ಪ್ರೋಟೀನ್. ಮೊದಲನೆಯದು ಒಂದೇ ಸಾಲದು, ಏಕೆಂದರೆ ಅರ್ಧದಷ್ಟು ಕೆಲಸ ನಿಂತರೂ ಕ್ರಿಯಾಟಿನಿನ್ ಕೆಲವೊಮ್ಮೆ ನಾರ್ಮಲ್ ಅಂತಲೇ ತೋರಿಸುತ್ತದೆ. ಶುಗರ್ ಇದ್ದವರಲ್ಲಿ ಮೊದಲು ಸುಳಿವು ಕೊಡುವುದು ಹೆಚ್ಚಾಗಿ ಅಲ್ಬುಮಿನ್, ವರ್ಷಕ್ಕೊಮ್ಮೆಯಾದರೂ ನೋಡಿಸಬೇಕು. ಬೆಳಗಿನ ಮೊದಲ ಮೂತ್ರ ಕೊಟ್ಟರೆ ಒಳ್ಳೆಯದು.

ಶೇಂಗಾ ಕೀಳುವ ಕಾಲಕ್ಕೆ ಸೊಂಟ ಹಿಡಿಯಿತು ಅಂತ ಅಪ್ಪ ಮೆಡಿಕಲ್ ಶಾಪಿನಿಂದ ತಾವೇ ಮಾತ್ರೆ ತಂದು ನುಂಗುತ್ತಾರಾ? ಡೈಕ್ಲೋಫೆನಾಕ್ ಥರದ ನೋವಿನ ಮಾತ್ರೆ ಕಿಡ್ನಿಗೆ ಹೋಗುವ ರಕ್ತವನ್ನೇ ಕಡಿಮೆ ಮಾಡುತ್ತದೆ. ದಾವಣಗೆರೆಗೋ ದುರ್ಗಕ್ಕೋ ತೋರಿಸಲು ಹೊರಟಾಗ ಆ ಖಾಲಿ ಸ್ಟ್ರಿಪ್ ಕೂಡ ಜೇಬಲ್ಲಿಟ್ಟುಕೊಳ್ಳಿ, ಡಾಕ್ಟರು ಕೇಳಿದಾಗ "ಅದೇ, ಹಳದಿ ಮಾತ್ರೆ" ಅಂದರೆ ಅವರಿಗೆ ಏನೂ ತಿಳಿಯುವುದಿಲ್ಲ.